ದೇವತೆಯ ಪಾಠ ಒಂದು ವಾರ, ಸತ್ತವರ ಪಾಠ ಇನ್ನೊಂದು ವಾರವೇ?

ದಕ್ಷಿಣ ಕೊರಿಯಾದ ಊರುಗಳಲ್ಲಿ ಒಂದು ಒಳ್ಳೆಯ ರೂಢಿ ಬೆಳೆದು ನಿಂತಿದೆ. ಗ್ರಂಥಾಲಯ, ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯ, ಸ್ಥಳೀಯ ಸಂಸ್ಕೃತಿ ಭವನ ಮೊದಲಾದ ಕಡೆ ಜನಸಾಮಾನ್ಯರಿಗಾಗಿ ಉಪನ್ಯಾಸ ಮಾಲೆಗಳು ನಡೆಯುತ್ತವೆ. ವಿಷಯ ದೂರದ್ದಲ್ಲ, ಆ ಊರೇ. ಊರಿನ ಚರಿತ್ರೆ, ಊರಿನ ಐತಿಹ್ಯ, ಊರ ದೇವರು, ಊರ ಆಚರಣೆ. ಸೇನಾಡಳಿತದ ದಶಕಗಳು ಮುಗಿದು, ೧೯೯೫ರಲ್ಲಿ ನಗರ ಮತ್ತು ಪ್ರಾಂತಗಳ ಮುಖ್ಯಸ್ಥರನ್ನು ಜನರೇ ಆರಿಸುವುದು ಮತ್ತೆ ಶುರುವಾದ ಮೇಲೆ, ರಾಜಧಾನಿ ಬರೆದುಕೊಟ್ಟ ಚರಿತ್ರೆಯಷ್ಟೇ ಸಾಲದು ಎಂಬ ಅರಿವು ಅಲ್ಲಿ ಬಲಿಯಿತು. ಸೋಲ್ ನಗರದ ಅಧ್ಯಯನಕ್ಕೆ 'ಸೋಲ್-ಹಾಕ್', ಜೆಜು ದ್ವೀಪದ ಅಧ್ಯಯನಕ್ಕೆ 'ಜೆಜು-ಹಾಕ್' ಎಂಬ ಹೆಸರುಗಳೇ ಬಳಕೆಗೆ ಬಂದಿವೆ. 'ಹಾಕ್' ಎಂದರೆ ವಿದ್ಯೆ. ತನ್ನ ಊರನ್ನು ಅರಿಯುವುದೂ ಒಂದು ವಿದ್ಯೆ ಎಂದು ಒಪ್ಪಿಕೊಂಡ ಸಮಾಜವನ್ನು ನಾವು ಮೆಚ್ಚಲೇಬೇಕು.

ಮೆಚ್ಚಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಇಂಥ ಮಾಲೆಗಳಿಗೆ ಸಲೀಸಾಗಿ ಒದಗಿಬರುವ ಒಂದು ಹಂಚಿಕೆಯಿದೆ. ಒಂದು ವಾರ ಪುರಾಣ, ಮುಂದಿನ ವಾರ ದೇವತೆಯ ಆಚರಣೆ, ಅದರ ಮುಂದಿನ ವಾರ ಹಳೆಯ ಕಟ್ಟಡಗಳು, ಕೊನೆಗೆ ಜಾಗ ಉಳಿದರೆ 'ದುರಂತದ ದಿನಗಳು'. ಬೇರೆ ಊರುಗಳಲ್ಲಿ ಈ ಹಂಚಿಕೆ ನಡೆದೀತು. ಜೆಜು ನಗರದಲ್ಲಿ ಹೀಗೆ ಹಂಚುವುದು ತಪ್ಪು ಎಂಬುದು ನಮ್ಮ ವಾದ. ಅಲ್ಲಿ ದೇವತೆಯ ಕಥೆಯನ್ನೂ ಕೊಲೆಯಾದವರ ಕಥೆಯನ್ನೂ ಬೇರೆ ಬೇರೆ ವಾರಗಳಿಗೆ ಹಾಕಿದರೆ ಎರಡೂ ಸುಳ್ಳಾಗುತ್ತವೆ.

ಜೆಜು ಕೊರಿಯಾದ ದಕ್ಷಿಣಕ್ಕಿರುವ ಜ್ವಾಲಾಮುಖಿಯ ದ್ವೀಪ. ಒಂದು ಕಾಲಕ್ಕೆ 'ತಮ್ನಾ' ಎಂಬ ಸ್ವತಂತ್ರ ನಾಡಾಗಿದ್ದು, ೧೧೦೫ರಲ್ಲಿ ಪರ್ಯಾಯದ್ವೀಪದ ಗೊರ್ಯೊ ಅರಸರ ಆಡಳಿತಕ್ಕೆ ಸೇರಿತು. ಮುಂದೆ ಜೋಸನ್ ದೊರೆಗಳು ಅದನ್ನು ಗಡೀಪಾರಾದವರನ್ನು ಕಳಿಸುವ ಜಾಗ ಮಾಡಿಕೊಂಡರು. ೧೬೨೯ರಿಂದ ಸುಮಾರು ೨೦೦ ವರ್ಷ ದ್ವೀಪದವರು ಅಪ್ಪಣೆಯಿಲ್ಲದೆ ದ್ವೀಪ ಬಿಟ್ಟು ಹೋಗುವಂತಿರಲಿಲ್ಲ. ಹೊರಗಿನಿಂದ ಬಂದ ಅಧಿಕಾರಿಗಳು ಕಾಗದದ ಮೇಲೆ ಬರೆದಿಟ್ಟರು. ಒಳಗಿದ್ದ ಜನ ಹಾಡಿನಲ್ಲಿ, ಕಥೆಯಲ್ಲಿ ಇಟ್ಟುಕೊಂಡರು. ಇಲ್ಲಿನ ದೇವತೆಗಳು ೧೮,೦೦೦ ಎಂದು ಮಾತು. ಆ ದೇವತೆಗಳ ಹುಟ್ಟನ್ನು ಹಾಡುವ ಕಥೆಗಳಿಗೆ 'ಬೊನ್‌ಪುರಿ' ಎಂದು ಹೆಸರು. ಹಾಡುವವರು 'ಸಿಂಬಾಂಗ್'. ದೇವರಿಗೂ ಮನುಷ್ಯರಿಗೂ, ಸತ್ತವರಿಗೂ ಬದುಕಿರುವವರಿಗೂ ನಡುವೆ ನಿಂತು ಮಾತಾಡುವವರು ಇವರು. ಇವರು ನಡೆಸಿಕೊಡುವ ಆಚರಣೆ 'ಗುತ್'. ಜೋಸನ್ ಸಮಾಜ ಇವರನ್ನು ಇಟ್ಟಿದ್ದು ಅತ್ಯಂತ ಕೀಳು ಅಂತಸ್ತಿನಲ್ಲಿ. ಇದನ್ನು ಹೇಳದೆ ಜೆಜುವಿನ ಜಾನಪದದ ಬಗ್ಗೆ ಮಾತಾಡುವವರು ಹಾಡನ್ನು ಎತ್ತಿಕೊಂಡು ಹಾಡಿದವರನ್ನು ಹೊಸಿಲಾಚೆ ನಿಲ್ಲಿಸಿದ ಹಾಗೆ.

ಉಪನ್ಯಾಸಕಾರರಿಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯ ಚಿಲ್‌ಮೊರಿದಾಂಗ್ ಗುಡಿಯ ಯೊಂಗ್‌ದುಂಗ್ ಆಚರಣೆ. ಜೆಜು ನಗರದ ಗೊನಿಪ್ ಎಂಬ ಬಂದರು ಕೇರಿಯದು ಇದು. ಚಾಂದ್ರಮಾನದ ಎರಡನೆಯ ತಿಂಗಳ ಮೊದಲ ದಿನ ಗಾಳಿಯ ದೇವತೆ ಯೊಂಗ್‌ದುಂಗ್ ಅಜ್ಜಿ ದ್ವೀಪಕ್ಕೆ ಬರುತ್ತಾಳೆ. ಸಮುದ್ರದಲ್ಲಿ ಪಾಚಿಯ, ಚಿಪ್ಪಿನ ಜೀವಿಗಳ ಬೀಜ ಬಿತ್ತಿ ಹದಿನೈದು ದಿನದಲ್ಲಿ ಮರಳುತ್ತಾಳೆ. ಆ ದಿನಗಳಲ್ಲಿ ಚಿಪ್ಪಿನೊಳಗೆ ಮಾಂಸವಿಲ್ಲದಿದ್ದರೆ ಅಜ್ಜಿ ದಾರಿಯಲ್ಲಿ ತಿಂದುಕೊಂಡು ಹೋದಳು ಅನ್ನುತ್ತಾರೆ. ಬೀನುಗಾರಿಕೆಯ ದೋಣಿಯವರೂ, ಉಸಿರು ಕಟ್ಟಿ ಕಡಲಿಗೆ ಮುಳುಗಿ ಬದುಕು ಸಾಗಿಸುವ 'ಹೆನ್ಯೊ' ಹೆಂಗಸರೂ ಸೇರಿ ಅವಳನ್ನು ಕಳಿಸಿಕೊಡುತ್ತಾರೆ. ಹುಲ್ಲಿನ ಪುಟ್ಟ ದೋಣಿಯನ್ನು ನೀರಿಗೆ ಬಿಡುತ್ತಾರೆ. ೧೯೮೦ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ೨೦೦೯ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆ ಎಂದು ಮಾನ್ಯ ಮಾಡಿತು.

ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಇದೇ ಗೊನಿಪ್ ಬಂದರಿನ ಇನ್ನೊಂದು ಚಿತ್ರವಿದೆ. ೧೭೦೨ರಲ್ಲಿ ದ್ವೀಪಕ್ಕೆ ಅಧಿಕಾರಿಯಾಗಿ ಬಂದ ಯಿ ಹ್ಯೊಂಗ್-ಸಾಂಗ್ ಕಟ್ಟಾ ಕನ್ಫ್ಯೂಶಿಯನ್ ಪಂಡಿತ. ಮೂಢನಂಬಿಕೆಯಿಂದ ಜನರನ್ನು ಬಿಡಿಸುತ್ತೇನೆಂದು ಆತ ೧೨೯ ಗುಡಿಗಳನ್ನು ಸುಡಿಸಿದ, ಬೌದ್ಧ ವಿಹಾರಗಳನ್ನೂ ಬಿಡಲಿಲ್ಲ, ಸಿಂಬಾಂಗರನ್ನು ಬೇಸಾಯಕ್ಕೆ ಹಚ್ಚಿದ. ತನ್ನ ಆಡಳಿತವನ್ನು ಚಿತ್ರಗಳಲ್ಲಿ ಬರೆಸಿಟ್ಟ. 'ತಮ್ನಾ ಸುಲ್ಯೊಕ್‌ದೊ' ಎಂಬ ಆ ಸಂಪುಟ ಇಂದಿಗೂ ಇದೆ. ಅದರ ಒಂದು ಹಾಳೆಯಲ್ಲಿ ಜನ ಸಾಲಾಗಿ ತಲೆಬಾಗಿದ್ದಾರೆ, ಹಿಂದೆ ಅಲ್ಲಲ್ಲಿ ಗುಡಿಗಳು ಉರಿಯುತ್ತಿವೆ. ಆ ಹಾಳೆಯ ಹೆಸರಿನ ಅರ್ಥ: ಗೊನಿಪ್ ಬಂದರಿನಲ್ಲಿ ರಾಜಕೃಪೆಗೆ ನಮನ. ಸುಡುವುದನ್ನು ಬರೆಸಿದವನೇ ಸುಡಿಸಿಕೊಂಡವರ ಕೃತಜ್ಞತೆಯನ್ನೂ ಬರೆಸಿದ. ಜನ ಮಾತ್ರ ಈ ಅಧಿಕಾರಿಯ ಮೇಲೆ ದೇವತೆಗಳು ಸೇಡು ತೀರಿಸಿಕೊಂಡ ಕಥೆಗಳನ್ನು ಹೇಳಿಕೊಂಡು ಬಂದರು. ಹಾಗಾದರೆ ಚರಿತ್ರೆ ಯಾವುದು, ಜಾನಪದ ಯಾವುದು? ಹಾಳೆಯ ಮೇಲಿರುವುದೆಲ್ಲ ಚರಿತ್ರೆ, ಬಾಯಲ್ಲಿರುವುದೆಲ್ಲ ಐತಿಹ್ಯ ಎಂದು ವಾರಗಳನ್ನು ಹಂಚಿದರೆ ನಾವು ಯಾರ ಪಕ್ಷಕ್ಕೆ ನಿಂತಂತಾಯಿತು?

ಈ ಸುಡುವ ಕೆಲಸ ೧೭೦೨ಕ್ಕೆ ಮುಗಿಯಲೂ ಇಲ್ಲ. ೧೯೭೦ರಲ್ಲಿ ಪಾರ್ಕ್ ಚುಂಗ್-ಹೀ ಸರ್ಕಾರ 'ಸೇಮಾಉಲ್', ಅಂದರೆ ಹೊಸ ಹಳ್ಳಿ, ಚಳವಳಿ ಶುರುಮಾಡಿತು. ಮೂಢನಂಬಿಕೆ ನಿರ್ಮೂಲನದ ಹೆಸರಿನಲ್ಲಿ ದೇಶದುದ್ದಕ್ಕೂ ಹಳ್ಳಿಯ ಗುಡಿಗಳು ನೆಲಸಮವಾದವು, ಗುತ್ ನಡೆಸುವವರನ್ನು ಪೊಲೀಸರು ಅಟ್ಟಿಸಿಕೊಂಡು ಹೋದರು. ಸುಮಾರು ಹತ್ತು ವರ್ಷ ಕಳೆದ ಮೇಲೆ ಅದೇ ಪ್ರಭುತ್ವ ಅದೇ ಆಚರಣೆಗೆ ಪರಂಪರೆಯ ಪಟ್ಟ ಕಟ್ಟಿತು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಪ್ರಮಾಣಪತ್ರ. ಪ್ರಮಾಣಪತ್ರವನ್ನು ತೋರಿಸಿ ಸುತ್ತಿಗೆಯನ್ನು ಮರೆಸುವ ಉಪನ್ಯಾಸ ನಮಗೆ ಬೇಡ.

ಇಲ್ಲಿಗೆ ನಮ್ಮ ಮಾತು ನಿಂತರೆ ಅದೂ ಅರ್ಧ ಸತ್ಯವೇ ಆದೀತು. ಜನಪದವೆಂದರೆ ಸದಾ ಮುಗ್ಧ, ಸದಾ ಸೌಹಾರ್ದ ಎಂದು ನಂಬಿಕೊಂಡ ಪ್ರಗತಿಪರರು ನಮ್ಮ ನಡುವೆ ಕಡಿಮೆಯಿಲ್ಲ. ಅವರು ಜೆಜು ನಗರದ ನಡುವಿನ ಗ್ವಾನ್‌ದೊಕ್‌ಜೊಂಗ್ ಮಂಟಪದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸೈನಿಕರ ತರಬೇತಿಗೆಂದು ೧೪೪೮ರಲ್ಲಿ ಕಟ್ಟಿದ ಈ ಮಂಟಪದ ಅಂಗಳದಲ್ಲಿ ವಸಂತದ ಆರಂಭಕ್ಕೆ 'ಇಪ್ಚುನ್ ಗುತ್' ನಡೆಯುತ್ತದೆ. ಮರದ ಎತ್ತನ್ನು ಎಳೆದು ಬೆಳೆಗಾಗಿ ಹರಸುವ ಈ ಆಚರಣೆ ವಸಾಹತು ಕಾಲದಲ್ಲಿ ನಿಂತುಹೋಗಿ ೧೯೯೯ರಲ್ಲಿ ಮತ್ತೆ ಜೀವ ಪಡೆಯಿತು. ನೋಡಲು ಚೆಂದ, ತೋರಿಸಲು ಚೆಂದ.

ಇದೇ ಅಂಗಳದಲ್ಲಿ ೧೯೦೧ರ ಮೇ ತಿಂಗಳಲ್ಲಿ ದಂಗೆಕೋರರು ಕ್ಯಾಥೊಲಿಕ್ ವಿಶ್ವಾಸಿಗಳನ್ನು ಎಳೆತಂದು ಕೊಂದರು. ಆ ದಂಗೆಯಲ್ಲಿ ಸತ್ತವರು ೩೦೦ಕ್ಕೂ ಹೆಚ್ಚು, ಬಹುಪಾಲು ಕ್ಯಾಥೊಲಿಕರು. ಕಾರಣ ಬರೀ ಧರ್ಮವಾಗಿರಲಿಲ್ಲ. ಅರಮನೆಯಿಂದ ಬಂದ ತೆರಿಗೆ ಅಧಿಕಾರಿ ಹೊಸ ಹೊಸ ತೆರಿಗೆ ಹೇರಿದ, ವಸೂಲಿಗೆ ಹೊಸ ವಿಶ್ವಾಸಿಗಳಲ್ಲಿ ಕೆಲವರನ್ನು ಬಳಸಿಕೊಂಡ. ಫ್ರೆಂಚ್ ಪಾದ್ರಿಗಳ ರಕ್ಷಣೆಯ ಬಲದಲ್ಲಿ ಕೆಲವರು ಊರ ಗುಡಿಗಳನ್ನು ಕೆಡವಿದರು, ದೈವದ ಮರಗಳನ್ನು ಕಡಿದರು. ದಂಗೆಯ ನಾಯಕರಲ್ಲೊಬ್ಬನಾದ ಯಿ ಜೇ-ಸು ಸರ್ಕಾರಿ ಜೀತದ ಆಳು. ಅವನನ್ನೂ ಇನ್ನಿಬ್ಬರನ್ನೂ ಅದೇ ವರ್ಷ ಸೋಲ್‌ನಲ್ಲಿ ಗಲ್ಲಿಗೇರಿಸಿದರು. ದ್ವೀಪದ ಜನರಿಂದಲೇ ಫ್ರೆಂಚರಿಗೆ ಪರಿಹಾರ ಕಟ್ಟಿಸಿದರು. ತೆರಿಗೆ ಹೇರಿದ್ದು ಅರಮನೆ, ಬಲ ಕೊಟ್ಟದ್ದು ಪರದೇಶದ ಯುದ್ಧನೌಕೆ, ಸತ್ತವರು ಮಾತ್ರ ಅಕ್ಕಪಕ್ಕದ ಮನೆಯವರು. ಒಂದೇ ಓಣಿಯವರು ಇನ್ನೊಬ್ಬರ ಸಿಟ್ಟಿಗೆ ಬಲಿಯಾಗುವುದನ್ನು ಕಂಡವರಿಗೆ ಇದು ಅರ್ಥವಾಗದ ಕಥೆಯಲ್ಲ.

ಒಂದು ಪಕ್ಷದ ಪುಸ್ತಕದಲ್ಲಿ ಇದು ಹುತಾತ್ಮರ ಕಥೆ, ಇನ್ನೊಂದರಲ್ಲಿ ಅನ್ಯಾಯದ ವಿರುದ್ಧ ಎದ್ದ ಜನರ ಕಥೆ. ನೂರು ವರ್ಷ ಎರಡೂ ಕಥೆಗಳು ಬೆನ್ನು ತಿರುಗಿಸಿ ಕೂತಿದ್ದವು. ೨೦೦೩ರಲ್ಲಿ ದ್ವೀಪದ ಚರ್ಚೂ, ದಂಗೆಯ ನೆನಪನ್ನು ಕಾಪಾಡುತ್ತಿದ್ದ ನಾಗರಿಕರೂ ಒಟ್ಟಿಗೆ ಕೂತು ರಾಜಿಯ ಹೇಳಿಕೆಗೆ ಸಹಿ ಹಾಕಿದರು. ಚರ್ಚು ತನ್ನ ಕಡೆಯ ತಪ್ಪನ್ನು, ನಾಗರಿಕರು ತಮ್ಮ ಕಡೆಯ ಕೊಲೆಗಳನ್ನು ಎದುರಿಟ್ಟುಕೊಂಡು ಮಾತಾಡಿದ್ದರಿಂದಲೇ ಇದು ಸಾಧ್ಯವಾಯಿತು. ಇದು ಉಪನ್ಯಾಸದ ವಿಷಯವಲ್ಲವೇ? ದೈವದ ಮರದ ಬಗ್ಗೆ ಮಾತಾಡುವಾಗ ಅದನ್ನು ಕಡಿದವರ ಹೆಸರೂ ಬರಬೇಕು, ಕಡಿದದ್ದಕ್ಕೆ ಜೀವ ತೆತ್ತವರ ಹೆಸರೂ ಬರಬೇಕು.

ಅಂಗಳ ಒಂದೇ. ೧೯೪೭ರ ಮಾರ್ಚ್ ೧ರಂದು ಅಲ್ಲೇ ಸಭೆ ಮುಗಿಸಿ ಹೋಗುತ್ತಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಆರು ಮಂದಿ ಸತ್ತರು. ಆಗ ಅಲ್ಲಿ ಅಮೆರಿಕನ್ ಸೇನಾಡಳಿತ. ಮುಷ್ಕರ, ಬಂಧನ, ಚಿತ್ರಹಿಂಸೆಗಳ ಒಂದು ವರ್ಷದ ನಂತರ, ೧೯೪೮ರ ಏಪ್ರಿಲ್ ೩ರಂದು ಎಡಪಂಥೀಯರು ಶಸ್ತ್ರ ಹಿಡಿದು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಜೆಜುವಿನಲ್ಲಿ ಈ ಎಲ್ಲಕ್ಕೂ 'ಸಾ-ಸಾಮ್', ನಾಲ್ಕು-ಮೂರು, ಎಂದಷ್ಟೇ ಹೆಸರು. ಅಡಗಿಸಲು ಬಂದ ಸೇನೆ ಅಕ್ಟೋಬರ್‌ನಲ್ಲಿ ಒಂದು ಆಜ್ಞೆ ಹೊರಡಿಸಿತು: ಕಡಲ ತೀರದಿಂದ ಐದು ಕಿಲೋಮೀಟರಿಗಿಂತ ಒಳಗೆ ಕಂಡವರು ದಂಗೆಕೋರರೆಂದೇ ಲೆಕ್ಕ. ಬೆಟ್ಟದ ಬುಡದ ಹಳ್ಳಿಗಳು ಬೂದಿಯಾದವು. ಉತ್ತರದಿಂದ ಓಡಿಬಂದಿದ್ದ ನಿರಾಶ್ರಿತ ಯುವಕರನ್ನು ಕಮ್ಯುನಿಸ್ಟರ ಮೇಲಿನ ಸಿಟ್ಟು ತುಂಬಿ ದ್ವೀಪದ ಮೇಲೆ ಛೂ ಬಿಡಲಾಯಿತು. ೧೯೫೪ರ ಹೊತ್ತಿಗೆ ಸತ್ತವರು ೨೫,೦೦೦ದಿಂದ ೩೦,೦೦೦ ಎಂದು ಅಂದಾಜು. ದ್ವೀಪದ ಹತ್ತು ಜನರಲ್ಲಿ ಸುಮಾರು ಒಬ್ಬರು. ಸರ್ಕಾರವೇ ನೇಮಿಸಿದ ಸಮಿತಿಯ ೨೦೦೩ರ ವರದಿಯಂತೆ ಹತ್ತರಲ್ಲಿ ಸುಮಾರು ಎಂಟು ಸಾವುಗಳಿಗೆ ಸರ್ಕಾರಿ ಪಡೆಗಳು ಕಾರಣ, ಒಂದಕ್ಕೂ ಹೆಚ್ಚು ಸಾವುಗಳಿಗೆ ಶಸ್ತ್ರಧಾರಿ ದಂಗೆಕೋರರು. ಎರಡನೆಯ ಲೆಕ್ಕವನ್ನೂ ನಾವು ಮುಚ್ಚಿಡುವುದಿಲ್ಲ.

ಈಗ ಗುತ್‌ಗೆ ಮರಳೋಣ, ನಮ್ಮ ವಾದದ ತಿರುಳು ಇರುವುದು ಅಲ್ಲೇ. ಕೊಂದ ಮೇಲೆ ಪ್ರಭುತ್ವ ಅಳುವುದನ್ನೂ ನಿಷೇಧಿಸಿತು. ೧೯೪೯ರ ಜನವರಿಯಲ್ಲಿ ಬುಕ್‌ಚೊನ್ ಎಂಬ ಹಳ್ಳಿಯಲ್ಲಿ ಸೇನೆ ಸುಮಾರು ೩೦೦ ಜನರನ್ನು ಕೊಂದಿತ್ತು. ಐದು ವರ್ಷದ ಮೇಲೆ, ೧೯೫೪ರಲ್ಲಿ, ಒಬ್ಬ ಯೋಧನ ನೆನಪಿನ ವಿಧಿಗೆ ಸೇರಿದ್ದ ಆ ಊರವರು ತಮ್ಮ ಸತ್ತವರನ್ನು ನೆನೆದು 'ಅಯ್‌ಗೋ' ಎಂದು ಅತ್ತರು. ಅತ್ತದ್ದಕ್ಕೆ ಪೊಲೀಸ್ ವಿಚಾರಣೆ ನಡೆಯಿತು! ಸತ್ತವರ ಬಂಧುಗಳಿಗೆ ಸರ್ಕಾರಿ ಕೆಲಸವಿಲ್ಲ, ಪರದೇಶಕ್ಕೆ ಹೋಗಲು ಅನುಮತಿಯಿಲ್ಲ. ಬುಕ್‌ಚೊನ್ ಹತ್ಯೆಯನ್ನು ಆಧರಿಸಿ ೧೯೭೮ರಲ್ಲಿ 'ಸುನಿ ಸಾಂಚೊನ್' ಎಂಬ ಕಥೆ ಬರೆದ ಜೆಜುವಿನ ಲೇಖಕ ಹ್ಯೊನ್ ಕಿ-ಯೊಂಗ್ ಅವರನ್ನು ಹಿಡಿದು ಹಿಂಸಿಸಿದರು, ಪುಸ್ತಕವನ್ನು ನಿಷೇಧಿಸಿದರು. ಕಥೆ ಬರೆಯುವ ನಮ್ಮಂಥವರು ಈ ಸಂಗತಿಯನ್ನು ಎರಡು ಸಲ ಓದಬೇಕು.

ಪತ್ರಿಕೆ ಬರೆಯಲಿಲ್ಲ, ಶಾಲೆ ಹೇಳಲಿಲ್ಲ, ನ್ಯಾಯಾಲಯ ಕೇಳಲಿಲ್ಲ. ಆ ವರ್ಷಗಳಲ್ಲಿ ಸತ್ತವರು ಎಲ್ಲಿ ಮಾತಾಡಿದರು? ಸಿಂಬಾಂಗರ ಬಾಯಲ್ಲಿ. ಗುತ್‌ನಲ್ಲಿ 'ಯೊಂಗ್ಗೆ ಉಲ್ಲಿಮ್' ಎಂಬ ಭಾಗವಿದೆ: ಸಿಂಬಾಂಗ್ ಅಳುತ್ತ ಸತ್ತವರ ದನಿಯಲ್ಲಿ ಮಾತಾಡುತ್ತಾರೆ. ಹೇಗೆ ಸತ್ತೆ, ಏನನ್ನು ಹೇಳದೆ ಹೋದೆ, ಉಳಿದವರು ಹೇಗಿದ್ದೀರಿ ಎಂದು. ಹೊರಗಿನವರಿಗೆ ಅದು ಮನೆಯೊಳಗಿನ ಒಂದು ವಿಧಿ. ಒಳಗಿದ್ದವರಿಗೆ ಅದೇ ಸಾಕ್ಷಿಕಟ್ಟೆ. ಮಾನವಶಾಸ್ತ್ರಜ್ಞೆ ಕಿಮ್ ಸೊಂಗ್-ನೇ ೧೯೮೦ರ ದಶಕದಲ್ಲೇ ಈ ರೋದನಗಳನ್ನು ಹಿಂಸೆಯ ಚರಿತ್ರೆಯಾಗಿ ಓದಿ ತೋರಿಸಿದರು. ಅಂದರೆ ಜೆಜುವಿನಲ್ಲಿ ಆಚರಣೆ ಚರಿತ್ರೆಯ ಪಕ್ಕದಲ್ಲಿಟ್ಟ ಅಲಂಕಾರವಲ್ಲ. ಚರಿತ್ರೆಗೆ ಬೇರೆಲ್ಲೂ ಜಾಗವಿಲ್ಲದಾಗ ಅದು ಉಳಿದದ್ದೇ ಅಲ್ಲಿ. ಮೊದಲ ವಾರದಲ್ಲಿ ಗುತ್‌ನ ಕುಣಿತ, ಕೊನೆಯ ವಾರದಲ್ಲಿ ಸಾ-ಸಾಮ್‌ನ ಅಂಕಿ ಅಂಶ ಎಂದು ಹಂಚಿದರೆ ಈ ಸತ್ಯ ಎರಡು ವಾರಗಳ ನಡುವೆ ಬಿದ್ದುಹೋಗುತ್ತದೆ.

ನಮಗೆ ಎದುರಾಗುವ ಮಾತುಗಳು ಗೊತ್ತು. ಪರಂಪರೆಗೆ ರಾಜಕೀಯ ಬೆರೆಸಬೇಡಿ ಎಂಬುದು ಮೊದಲನೆಯದು. ಗುಡಿ ಸುಟ್ಟವರು ರಾಜಕೀಯ ಬೆರೆಸಲಿಲ್ಲವೇ? ಅಳುವವರನ್ನು ಠಾಣೆಗೆ ಕರೆಸಿದ್ದು ಯಾವ ಶುದ್ಧ ಪರಂಪರೆ? ಹಳೆಯ ಗಾಯ ಕೆರೆಯಬೇಡಿ ಎಂಬುದು ಎರಡನೆಯದು. ೨೦೦೦ದಲ್ಲಿ ಸತ್ಯಶೋಧನೆಯ ವಿಶೇಷ ಕಾನೂನು ಬಂತು, ೨೦೦೩ರ ಅಕ್ಟೋಬರ್ ೩೧ರಂದು ಅಧ್ಯಕ್ಷ ರೋಹ್ ಮೂ-ಹ್ಯುನ್ ದ್ವೀಪಕ್ಕೆ ಬಂದು ಪ್ರಭುತ್ವದ ಪರವಾಗಿ ಕ್ಷಮೆ ಕೇಳಿದರು, ೨೦೧೪ರಿಂದ ಏಪ್ರಿಲ್ ೩ ರಾಷ್ಟ್ರೀಯ ಸ್ಮರಣೆಯ ದಿನ, ೨೦೨೫ರಲ್ಲಿ ಸಾ-ಸಾಮ್ ದಾಖಲೆಗಳು ಯುನೆಸ್ಕೊದ ವಿಶ್ವಸ್ಮೃತಿಯ ಪಟ್ಟಿ ಸೇರಿದವು. ಇಷ್ಟೆಲ್ಲ ಆದದ್ದು ಗಾಯ ಮುಚ್ಚಿಟ್ಟವರಿಂದಲ್ಲ, ತೆರೆದು ತೋರಿಸಿದವರಿಂದ. ಅಲ್ಲಿನ ಶಾಂತಿ ಉದ್ಯಾನದ ಸ್ಮಾರಕದಲ್ಲಿ ಏನೂ ಬರೆಯದ ಒಂದು ಬಿಳಿ ಕಲ್ಲನ್ನು ಮಲಗಿಸಿಟ್ಟಿದ್ದಾರೆ. ಈ ಘಟನೆಗೆ ಸರಿಯಾದ ಹೆಸರು ಸಿಕ್ಕ ದಿನ ಅದನ್ನು ಎತ್ತಿ ನಿಲ್ಲಿಸುತ್ತಾರಂತೆ.

ಮೂರನೆಯ ಮಾತು ನಮ್ಮವರದೇ. ದೆವ್ವ ದೇವತೆಗಳ ಈ ಮೌಢ್ಯವನ್ನು ನಮ್ಮ ಪತ್ರಿಕೆ ಹೊಗಳಬೇಕೇ ಎಂದು ವಿಚಾರವಾದಿ ಗೆಳೆಯರು ಕೇಳುತ್ತಾರೆ; ಇಸ್ಲಾಹಿನ ಉತ್ಸಾಹದ ಸೋದರರು ಇನ್ನೂ ಗಟ್ಟಿಯಾಗಿ ಕೇಳುತ್ತಾರೆ. ಯೊಂಗ್‌ದುಂಗ್ ಅಜ್ಜಿಯನ್ನು ನಂಬಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ನಂಬದಿರುವುದಕ್ಕೂ ನಂಬುವವರ ಮನೆಗೆ ಬೆಂಕಿ ಇಡುವುದಕ್ಕೂ ಅಂತರವಿದೆ. ಕರ್ಬಲಾದ ಕಥೆಯನ್ನೂ ಮರ್ಸಿಯಾಗಳನ್ನೂ ಕೇಳುತ್ತ ಬೆಳೆದ ನಮಗೆ, ಗೆದ್ದವರ ದಫ್ತರದಲ್ಲಿ ಇಲ್ಲದ್ದು ಅಳುವವರ ದನಿಯಲ್ಲಿ ಉಳಿಯುತ್ತದೆಂದು ಯಾರಾದರೂ ಹೊರಗಿನಿಂದ ಬಂದು ಕಲಿಸಬೇಕೇ?

ಇದರಿಂದ ಯಾರಿಗೆ ಏನಾಗಬೇಕು ಎಂದರೆ, ೨೦೧೮ರಲ್ಲಿ ನಡೆದದ್ದನ್ನು ನೋಡಿ. ಯುದ್ಧದಿಂದ ಓಡಿಬಂದ ೫೦೦ಕ್ಕೂ ಹೆಚ್ಚು ಯೆಮನಿಗಳು ವೀಸಾ ಬೇಕಿಲ್ಲದ ಜೆಜುವಿಗೆ ಬಂದಿಳಿದರು. ಮುಸಲ್ಮಾನರು ಬಂದರು, ಹೆಂಗಸರಿಗೆ ಕ್ಷೇಮವಿಲ್ಲ ಎಂಬ ಕೂಗು ಎದ್ದಿತು. ಅವರ ವಿರುದ್ಧ ಅಧ್ಯಕ್ಷರ ಕಚೇರಿಗೆ ಹೋದ ಮನವಿಗೆ ೭ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸರ್ಕಾರ ಯೆಮನನ್ನು ವೀಸಾ ವಿನಾಯಿತಿಯಿಂದ ತೆಗೆದುಹಾಕಿತು. ಅರ್ಜಿ ಹಾಕಿದ ೪೮೪ ಮಂದಿಯಲ್ಲಿ ನಿರಾಶ್ರಿತರೆಂದು ಆ ವರ್ಷ ಒಪ್ಪಿಕೊಂಡದ್ದು ಇಬ್ಬರನ್ನು. ೪೧೨ ಮಂದಿಗೆ ಮಾನವೀಯ ನೆಲೆಯಲ್ಲಿ ತಾತ್ಕಾಲಿಕ ವಾಸದ ಅನುಮತಿ ಸಿಕ್ಕಿತು.

ಆ ಯೆಮನಿಗಳು ಇಳಿದ ವಿಮಾನ ನಿಲ್ದಾಣ ಸಾ-ಸಾಮ್ ಕಾಲದಲ್ಲಿ ಜನರನ್ನು ಕೊಂದು ಹೂತ ಮೈದಾನ. ೨೦೦೭ರಿಂದ ೨೦೦೯ರವರೆಗೆ ಅಗೆದಾಗ ೩೦೦ಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ಸಿಕ್ಕವು. ಆ ಕೊಲೆಗಳಿಂದ ತಪ್ಪಿಸಿಕೊಂಡ ಜೆಜುವಿನವರು ಕಳ್ಳದೋಣಿ ಹತ್ತಿ ಜಪಾನಿನ ಒಸಾಕಾ ಸೇರಿದ್ದರು. ಅವರಲ್ಲಿ ಒಬ್ಬರಾದ ಕಿಮ್ ಸಿ-ಜೊಂಗ್ ಮುಂದೆ ದೊಡ್ಡ ಕವಿಯಾದರು. ಅವರೂ ಕಾಗದಪತ್ರವಿಲ್ಲದೆ ಬಂದ ಪರಕೀಯರೇ ಆಗಿದ್ದರು. ೨೦೧೮ರಲ್ಲಿ ಈ ನಂಟನ್ನು ನೆನಪಿಸಿದವರು ದ್ವೀಪದ ಕ್ಯಾಥೊಲಿಕ್ ಬಿಷಪ್ ಕಾಂಗ್ ಊ-ಇಲ್. ನಮ್ಮವರೂ ಹೀಗೆಯೇ ಕಡಲು ದಾಟಿದ್ದರು, ಬಂದವರನ್ನು ದೂಡಬೇಡಿ ಎಂದು ತಮ್ಮ ವಿಶ್ವಾಸಿಗಳಿಗೆ ಪತ್ರ ಬರೆದರು. ೧೯೦೧ರಲ್ಲಿ ಪರಕೀಯರ ಧರ್ಮವೆಂದು ರಕ್ತ ಸುರಿಸಿದ ಚರ್ಚಿನ ಮುಖ್ಯಸ್ಥ ಮುಸಲ್ಮಾನ ಪರಕೀಯರ ಪರ ನಿಂತರು. ಯೆಮನಿಗಳಿಗೆ ಮನೆ ಬಾಗಿಲು ತೆರೆದ ದ್ವೀಪದವರೂ ಇದ್ದರು.

ಊರಿನ ಚರಿತ್ರೆಯ ಪಾಠ ಕೆಲಸಕ್ಕೆ ಬರುವುದು ಇಂಥ ದಿನಗಳಲ್ಲಿ. ದೇವತೆಯ ಹೆಸರು, ಆಚರಣೆಯ ತಿಥಿ, ಮಂಟಪದ ಕಂಬಗಳ ಲೆಕ್ಕ ಬಾಯಿಪಾಠ ಮಾಡಿದವರು ಪ್ರವಾಸಿಗರಿಗೆ ದಾರಿ ತೋರಿಸಬಲ್ಲರು. ಗುಡಿ ಯಾರು ಸುಟ್ಟರು, ಯಾರ ಕೈಯಿಂದ ಯಾರು ಸತ್ತರು, ಯಾರು ಅಳಲಾಗದೆ ಗುತ್‌ನಲ್ಲಿ ಅತ್ತರು, ಯಾರು ದೋಣಿ ಹತ್ತಿದರು ಎಂಬುದನ್ನು ಒಂದೇ ಗಂಟೆಯಲ್ಲಿ ಒಟ್ಟಿಗೆ ಕೇಳಿದವರು ಮಾತ್ರ ಬಾಗಿಲಿಗೆ ಬಂದ ಪರಕೀಯರಲ್ಲಿ ತಮ್ಮ ಅಜ್ಜನನ್ನು ಕಂಡಾರು. ಆದ್ದರಿಂದ ಜೆಜುವಿನ ಉಪನ್ಯಾಸ ಮಾಲೆಗಳಲ್ಲಿ ದೇವತೆಗೆ ಒಂದು ವಾರ, ಸತ್ತವರಿಗೆ ಒಂದು ವಾರ ಬೇಡ. ಇಬ್ಬರನ್ನೂ ಒಂದೇ ವೇದಿಕೆಗೆ ಕರೆಯಿರಿ, ಪಕ್ಕದಲ್ಲಿ ಸಿಂಬಾಂಗರಿಗೂ ಒಂದು ಕುರ್ಚಿ ಹಾಕಿರಿ. ಮುನ್ನೂರು ವರ್ಷಗಳಿಂದ ಅವರ ಬಗ್ಗೆ ಬೇರೆಯವರು ಮಾತಾಡಿದ್ದು ಸಾಕು.